ಮಗು ಇನ್ನೂ ಮೇಜರ್ ಡಿಸೈಡ್ ಮಾಡಿಲ್ಲ, ನಾವೇನ್ ಮಾಡ್ಬೇಕು?

ಅಮೆರಿಕದಲ್ಲಿ ಮಕ್ಕಳನ್ನ ಕಾಲೇಜಿಗೆ ಸೇರಿಸಿರೋ ಕನ್ನಡದ ಅಪ್ಪ ಅಮ್ಮಂದಿರಿಗೆ ನಾನು ಯೂನಿವರ್ಸಿಟಿಲಿ ಅಡ್ವೈಸಿಂಗ್ ಕೆಲಸ ಮಾಡ್ತೀನಿ ಅಂತ ಗೊತ್ತಾದ ತಕ್ಷಣ ಬರೋ ಪ್ರಶ್ನೆ ಇದೇ. "ಮಗಳು ಫಸ್ಟ್ ಇಯರ್‌ಗೆ ಸೇರಿದಾಳೆ, ಮೇಜರ್ ಏನಮ್ಮಾ ಅಂದ್ರೆ ಅನ್‌ಡಿಕ್ಲೇರ್ಡ್ ಅಂತಾಳೆ, ಹೀಗೇ ಬಿಟ್ರೆ ವರ್ಷ ವೇಸ್ಟ್ ಆಗಲ್ವಾ, ನಾವೇನಾದ್ರೂ ಮಾಡ್ಬೇಕಾ?" (ಮೇಜರ್ ಅಂದ್ರೆ ಡಿಗ್ರಿಲಿ ಮುಖ್ಯವಾಗಿ ಓದೋ ವಿಷಯ, ಅದನ್ನ ಕಾಲೇಜಿಗೆ ತಿಳಿಸೋದೇ ಡಿಕ್ಲೇರ್ ಮಾಡೋದು, ಇನ್ನೂ ತಿಳಿಸಿಲ್ಲ ಅಂದ್ರೆ ಅನ್‌ಡಿಕ್ಲೇರ್ಡ್.) ಪ್ರತಿ ಸಲ ಯಾವುದೋ ಫಂಕ್ಷನ್‌ನಲ್ಲಿ ನಿಂತ್ಕೊಂಡು ಅರ್ಧಂಬರ್ಧ ಹೇಳಿ ಬರೋದಾಗುತ್ತೆ, ಅದಕ್ಕೆ ಪೂರ್ತಿ ಉತ್ತರ ಇಲ್ಲಿ ಬರೀತಿದೀನಿ.

ನೀವು ಮಾಡ್ಬೇಕಾದ್ದು ಖಂಡಿತ ಇದೆ. ಆದ್ರೆ ಬೇಗ ಡಿಸೈಡ್ ಮಾಡು ಅಂತ ಬೆನ್ನು ಬೀಳೋದರಿಂದ ಕೆಲಸ ಆಗಲ್ಲ. ಮೊದಲನೇ ವರ್ಷ ಮಗು ಚೆನ್ನಾಗಿ ಓದಬೇಕು, ಮುಂದೆ ಬೇಕಾಗಬಹುದಾದ ದಾರಿಗಳು ಗೊತ್ತಿಲ್ಲದೇ ಮುಚ್ಚಿಹೋಗಬಾರದು, ಇಷ್ಟು ನೋಡ್ಕೊಂಡ್ರೆ ತೀರ್ಮಾನಕ್ಕೆ ಟೈಮ್ ಇರುತ್ತೆ.

ನಮ್ಮ ಭಯ ಎಲ್ಲಿಂದ ಬರುತ್ತೆ ಅಂತ ನನಗೆ ಅರ್ಥ ಆಗುತ್ತೆ. ನಾವು ಓದಿದ ಪದ್ಧತಿಲಿ ಎಸ್ಸೆಸ್ಸೆಲ್ಸಿ ಆದ್ಮೇಲೆ ಸೈನ್ಸಾ ಕಾಮರ್ಸಾ ಆರ್ಟ್ಸಾ ಅಂತ ಒಂದು ತೀರ್ಮಾನ, ಪಿಯುಸಿ ಆದ್ಮೇಲೆ ಸಿಇಟಿ ರ‍್ಯಾಂಕ್ ನೋಡ್ಕೊಂಡು ಇನ್ನೊಂದು ತೀರ್ಮಾನ, ಅಲ್ಲಿಗೆ ಮುಗೀತು. ಹಂಗಾಗಿ 18 ವರ್ಷದ ಮಗು ಕಾಲೇಜೊಳಗೆ ಕಾಲಿಟ್ಟು "ಇನ್ನೂ ನೋಡ್ತಿದೀನಿ" ಅಂದ್ರೆ ನಮಗೆ ಎದೆ ಧಸಕ್ ಅನ್ನುತ್ತೆ. ಇಲ್ಲಿ ಡಿಗ್ರಿ ಕಟ್ಟಿರೋ ರೀತಿನೇ ಬೇರೆ. ಬ್ಯಾಚುಲರ್ಸ್ ಡಿಗ್ರಿ ಅಂದ್ರೆ ಸಾಮಾನ್ಯವಾಗಿ 120 ಕ್ರೆಡಿಟ್ (ಕೋರ್ಸ್ ಎಷ್ಟು ದೊಡ್ಡದು ಅಂತ ಅಳೆಯೋ ಲೆಕ್ಕ), ಅದರಲ್ಲಿ 30ರಿಂದ 45 ಕ್ರೆಡಿಟ್ ಜೆನರಲ್ ಎಜುಕೇಷನ್ ಅಂತ, ಬರವಣಿಗೆ, ಗಣಿತ, ಒಂದೆರಡು ಸೈನ್ಸ್, ಇತಿಹಾಸ, ಸಮಾಜ ವಿಜ್ಞಾನ ಹೀಗೆ, ಯಾವ ಮೇಜರ್ ತಗೊಂಡ್ರೂ ಮಾಡ್ಲೇಬೇಕು. ಮೊದಲನೇ ವರ್ಷದಲ್ಲಿ ಅದರದ್ದೇ ದೊಡ್ಡ ಪಾಲು, ಹಾಗಾಗಿ ಮೇಜರ್ ಇಲ್ಲದ ಮಗು ಸುಮ್ನೆ ಕೂತಿದೆ ಅಂತಲ್ಲ, ಡಿಗ್ರಿಗೆ ಬೇಕಾದ ಕೋರ್ಸ್‌ಗಳನ್ನೇ ಓದ್ತಿದೆ.

ಪಕ್ಕದ ಮನೆ ಹುಡುಗ ಆಗಲೇ ಬಯೋ ಮೆಡಿಕಲ್ ಇಂಜಿನಿಯರಿಂಗ್ ಅಂತ ಡಿಕ್ಲೇರ್ ಮಾಡಿದಾನೆ, ನಮ್ಮವಳೇ ಹಿಂದೆ ಬಿದ್ಲು ಅನ್ನೋರಿಗೆ ಒಂದು ಲೆಕ್ಕ ಹೇಳ್ತೀನಿ. 2011-12ರಲ್ಲಿ ಕಾಲೇಜು ಸೇರಿದವರನ್ನ ಮೂರು ವರ್ಷ ಹಿಂಬಾಲಿಸಿ ಇಲ್ಲಿನ ನ್ಯಾಷನಲ್ ಸೆಂಟರ್ ಫಾರ್ ಎಜುಕೇಷನ್ ಸ್ಟಾಟಿಸ್ಟಿಕ್ಸ್ 2017ರಲ್ಲಿ ಒಂದು ವರದಿ ಕೊಡ್ತು, ಮೇಜರ್ ಡಿಕ್ಲೇರ್ ಮಾಡಿದ್ದವರಲ್ಲೇ ಸುಮಾರು 30 ಪರ್ಸೆಂಟ್ ಜನ ಮೂರು ವರ್ಷದೊಳಗೆ ಒಂದು ಸಲನಾದ್ರೂ ಬದಲಾಯಿಸಿದ್ರು, ಮ್ಯಾಥ್ಸ್‌ನಿಂದ ಶುರು ಮಾಡಿದವರಲ್ಲಂತೂ 52 ಪರ್ಸೆಂಟ್. ಅಂದ್ರೆ ಫಾರಂನಲ್ಲಿ ಹೆಸರು ಬರೆದವರೆಲ್ಲ ತೀರ್ಮಾನ ಮಾಡಿದವರಲ್ಲ, ಬರೆದು ಆಮೇಲೆ ಬದಲಾಯಿಸೋರೂ ತುಂಬಾ ಇದಾರೆ. ಅಪ್ಪ ಅಮ್ಮನ್ನ ಸಮಾಧಾನ ಮಾಡೋಕೆ ಅಂತ ಏನೋ ಒಂದು ಬರೆದು, ಎರಡು ವರ್ಷ ಆದ್ಮೇಲೆ ಬಂದು "ನನಗೆ ಇದು ಯಾವತ್ತೂ ಇಷ್ಟ ಇರ್ಲಿಲ್ಲ" ಅಂತ ನನ್ನ ಎದುರು ಅಳೋ ಮಕ್ಕಳನ್ನ ನೋಡಿದಾಗ ನಿಜವಾಗ್ಲೂ ಸಂಕಟ ಆಗುತ್ತೆ, ಅಷ್ಟೊತ್ತಿಗೆ ಆ ಕೋರ್ಸ್‌ಗಳಲ್ಲಿ ಮಾರ್ಕ್ಸೂ ಬಿದ್ದಿರುತ್ತೆ, ನನ್ನ ಕೈಲಾಗಲ್ಲ ಅನ್ನೋ ಭಾವನೆನೂ ಕೂತಿರುತ್ತೆ.

ಹಾಗಂತ ಎರಡು ವರ್ಷ ಆರಾಮಾಗಿ ಇರ್ಲಿ ಬಿಡಿ ಅಂತ ನಾನು ಹೇಳಲ್ಲ, ಯಾಕಂದ್ರೆ ಕೆಲವು ಮೇಜರ್‌ಗಳು ಕಾಯಲ್ಲ. ಅಪ್ಪ ಅಮ್ಮಂದಿರಿಗೆ ಗೊತ್ತಿರ್ಲೇಬೇಕಾದ್ದು ಇದು, ಸ್ವಲ್ಪ ಬಿಡಿಸಿ ಹೇಳ್ತೀನಿ.

ಇಂಜಿನಿಯರಿಂಗ್ ತಗೊಳ್ಳಿ. ಕ್ಯಾಲ್ಕುಲಸ್ 1 ಆಗದೇ 2 ಇಲ್ಲ, 2 ಆಗದೇ 3 ಇಲ್ಲ, ಫಿಸಿಕ್ಸ್‌ಗೂ ಕ್ಯಾಲ್ಕುಲಸ್ ಬೇಕು, ಆ ಫಿಸಿಕ್ಸ್ ಆದ್ಮೇಲೇನೇ ಸ್ಟ್ಯಾಟಿಕ್ಸ್ ಥರದ ಇಂಜಿನಿಯರಿಂಗ್ ಕೋರ್ಸ್. ಈ ಸರಪಳಿಲಿ ಒಂದು ಕೊಂಡಿ ಒಂದು ಸೆಮಿಸ್ಟರ್ ತಡ ಆದ್ರೆ ಗ್ರಾಜುಯೇಷನ್ನೂ ಒಂದು ಸೆಮಿಸ್ಟರ್ ಮುಂದಕ್ಕೆ ಹೋಗಬಹುದು, ಕೆಲವು ಕೋರ್ಸ್ ವರ್ಷಕ್ಕೆ ಒಂದೇ ಸಲ ಇರುತ್ತೆ, ಆಗ ಒಂದು ವರ್ಷನೇ ಹೋಗುತ್ತೆ. ನರ್ಸಿಂಗ್‌ಗೆ ಕೆಮಿಸ್ಟ್ರಿ, ಅನಾಟಮಿ ಮತ್ತೆ ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿ ಒಳ್ಳೆ ಜಿಪಿಎ (ಎಲ್ಲ ಕೋರ್ಸಿನ ಗ್ರೇಡ್ ಸರಾಸರಿ, 4.0ಕ್ಕೆ) ಇಟ್ಕೊಂಡು ಬೇರೆಯಾಗಿ ಅಪ್ಲೈ ಮಾಡ್ಬೇಕಾಗುತ್ತೆ ಬಹಳ ಕಡೆ. ಕಂಪ್ಯೂಟರ್ ಸೈನ್ಸ್‌ಗೆ ಎಷ್ಟೋ ದೊಡ್ಡ ಯೂನಿವರ್ಸಿಟಿಗಳಲ್ಲಿ ಒಳಗಿಂದ ಬದಲಾಯಿಸಿಕೊಂಡು ಹೋಗೋದು ತುಂಬಾ ಕಷ್ಟ, ಸೀಟು ಕಮ್ಮಿ, ನಿಮ್ಮ ಮಗುಗೆ ಆ ಆಸೆ ಸ್ವಲ್ಪ ಇದ್ರೂ ಅಲ್ಲಿನ ನಿಯಮ ಏನು ಅಂತ ಮೊದಲನೇ ತಿಂಗಳಲ್ಲೇ ವಿಚಾರಿಸ್ಬೇಕು. ಪ್ರಿ-ಮೆಡ್, ಅಂದ್ರೆ ಮೆಡಿಕಲ್ ಸ್ಕೂಲಿಗೆ ತಯಾರಿ, ಅನ್ನೋದು ಸಾಮಾನ್ಯವಾಗಿ ಮೇಜರ್ರೇ ಅಲ್ಲ, ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಇತಿಹಾಸ ಮೇಜರ್ ಮಾಡ್ಕೊಂಡೂ ಮೆಡಿಕಲ್ ಸ್ಕೂಲ್‌ಗೆ ಹೋಗಬಹುದು, ಆದ್ರೆ ಬಯಾಲಜಿ, ಜೆನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್, ಫಿಸಿಕ್ಸ್ ಎಲ್ಲ ಸಾಲಾಗಿ ಮುಗಿಸ್ಬೇಕು. ಇನ್ನೊಂದು ಕಡೆ ಇಂಗ್ಲಿಷ್, ಸೋಷಿಯಾಲಜಿ, ಪೊಲಿಟಿಕಲ್ ಸೈನ್ಸ್, ಕಮ್ಯುನಿಕೇಷನ್ ಇವನ್ನ ಎರಡನೇ ವರ್ಷದ ಕೊನೆಗೆ ಡಿಕ್ಲೇರ್ ಮಾಡಿದ್ರೂ ಬಹಳ ಕಡೆ ನಾಲ್ಕೇ ವರ್ಷಕ್ಕೆ ಮುಗಿಸಬಹುದು.

ಅದಕ್ಕೇ ನಾನು ಯಾವಾಗ್ಲೂ ಹೇಳೋದು, ಮಗು ಎರಡು ಮೂರು ವಿಷಯದ ಮಧ್ಯೆ ತೂಗಾಡ್ತಿದ್ರೆ ಅದರಲ್ಲಿ ಉದ್ದ ಸರಪಳಿ ಇರೋದು ಯಾವುದು ನೋಡಿ, ಅದರ ಮೊದಲನೇ ಕೋರ್ಸನ್ನ ಮೊದಲನೇ ಸೆಮಿಸ್ಟರ್‌ಗೇ ಹಾಕಿಸ್ಕೊಳ್ಳೋಕೆ ಹೇಳಿ. ಸೈಕಾಲಜಿನೋ ಮೆಕ್ಯಾನಿಕಲ್ಲೋ ಅಂತಿದ್ರೆ ಕ್ಯಾಲ್ಕುಲಸ್ ಮೊದಲು, ಸೈಕಾಲಜಿ ಜೊತೆಗೆ ಒಂದು ಇರ್ಲಿ. ಆದ್ರೆ ಇದನ್ನೇ ನೆಪ ಮಾಡ್ಕೊಂಡು, ಇಂಜಿನಿಯರಿಂಗ್ ಬಗ್ಗೆ ಒಂಚೂರೂ ಮನಸ್ಸಿಲ್ಲದ ಮಗು ಮೇಲೆ "ಸೇಫ್ಟಿಗೆ ಇರ್ಲಿ" ಅಂತ ಕ್ಯಾಲ್ಕುಲಸ್ಸೂ ಕೆಮಿಸ್ಟ್ರಿನೂ ಹೇರಬೇಡಿ ದಯವಿಟ್ಟು. ಅಲ್ಲಿ ಬಿದ್ದ ಗ್ರೇಡ್ ಬೇರೆ ದಾರಿಗಳನ್ನೂ ಮುಚ್ಚುತ್ತೆ.

ಯಾಕೆ ಅಂತ ಹೇಳ್ತೀನಿ ನೋಡಿ. ಮೊದಲನೇ ಸೆಮಿಸ್ಟರ್ 15 ಕ್ರೆಡಿಟ್‌ಗೆ 1.8 ಜಿಪಿಎ ಬಂತು ಅಂದ್ಕೊಳ್ಳಿ, ಮುಂದಿನ ಸೆಮಿಸ್ಟರ್ ಇನ್ನೊಂದು 15 ಕ್ರೆಡಿಟ್‌ಗೆ ಎಲ್ಲದರಲ್ಲೂ ಎ ತೆಗೆದು ಪೂರ್ತಿ 4.0 ಮಾಡಿದ್ರೂ ಒಟ್ಟು ಸರಾಸರಿ 2.9 ಅಷ್ಟೇ. 3.0 ಕೇಳೋ ಮೇಜರ್‌ಗೆ ಒಂದು ವರ್ಷ ಆದ್ಮೇಲೂ ಅಪ್ಲೈ ಮಾಡೋಕಾಗಲ್ಲ. ಏನು ಓದ್ಬೇಕು ಅಂತ ಗೊತ್ತಿಲ್ಲದ ಮಗುಗೆ ಜಿಪಿಎನೇ ಆಸ್ತಿ, ಅದು ಚೆನ್ನಾಗಿದ್ರೆ ಆಮೇಲೆ ಯಾವ ಕಡೆಗಾದ್ರೂ ತಿರುಗಬಹುದು.

ಇನ್ನು ಟೈಮ್. ಒಂದು ಕ್ರೆಡಿಟ್ ಅಂದ್ರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಕ್ಲಾಸಿನ ಹೊರಗೆ ಕಮ್ಮಿ ಅಂದ್ರೂ ಎರಡು ಗಂಟೆ ಓದು, ಇದು ಫೆಡರಲ್ ನಿಯಮದಲ್ಲೇ ಇರೋ ವ್ಯಾಖ್ಯಾನ. 15 ಕ್ರೆಡಿಟ್ ತಗೊಂಡ್ರೆ ವಾರಕ್ಕೆ 45 ಗಂಟೆ, ಪೂರ್ತಿ ಕೆಲಸಕ್ಕಿಂತ ಜಾಸ್ತಿ. ಹೈಸ್ಕೂಲಿನಲ್ಲಿ ದಿನಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕ್ಲಾಸಲ್ಲೇ ಕೂರ್ತಿದ್ದ ಮಗುಗೆ ಕಾಲೇಜಲ್ಲಿ ವಾರಕ್ಕೆ 15 ಗಂಟೆ ಮಾತ್ರ ಕ್ಲಾಸು ಅಂದ್ರೆ ಬಾಕಿ ಎಲ್ಲ ಫ್ರೀ ಅಂತ ಅನ್ಸುತ್ತೆ, ಮೊದಲನೇ ಮಿಡ್‌ಟರ್ಮ್ ಬಂದಾಗ್ಲೇ ಗೊತ್ತಾಗೋದು. ಪ್ರತಿ ವೀಕೆಂಡ್ ಮನೆಗೆ ಬಾ ಅನ್ನೋದು, ವಾರಕ್ಕೆ 25 ಗಂಟೆ ಪಾರ್ಟ್ ಟೈಮ್ ಮಾಡು ಅನ್ನೋದು, ಇವೆರಡೂ ಈ 45 ಗಂಟೆಯಿಂದನೇ ಕಿತ್ಕೊಳ್ಳುತ್ತೆ ಅನ್ನೋದು ನೆನಪಿರ್ಲಿ. ಹಂಗೇ 12 ಕ್ರೆಡಿಟ್ ತಗೊಂಡ್ರೂ ಫುಲ್ ಟೈಮ್ ಸ್ಟೂಡೆಂಟೇ, ಆದ್ರೆ ಎಂಟು ಸೆಮಿಸ್ಟರ್ 12ರಂತೆ ಮಾಡಿದ್ರೆ ಆಗೋದು 96, 120 ಮುಟ್ಟಲ್ಲ. ಮೊದಲನೇ ಸೆಮಿಸ್ಟರ್ ಕಷ್ಟ ಆಗುತ್ತೆ ಅನ್ಸಿದ್ರೆ 12 ಅಥವಾ 13 ತಗೊಳ್ಳಿ ಪರವಾಗಿಲ್ಲ, ಬಾಕಿ ಬೇಸಿಗೆಲಿ ತುಂಬಿಸ್ಕೊಳ್ಳೋ ಪ್ಲಾನ್ ಇಟ್ಕೊಳ್ಳಿ.

ಒಂದು ಕೋರ್ಸ್ ಕೈ ಮೀರಿ ಹೋಗ್ತಿದ್ರೆ ಡ್ರಾಪ್ ಮಾಡೋದೂ ಒಂದು ದಾರಿ. ಶುರುವಿನ ಆಡ್ ಡ್ರಾಪ್ ಅವಧಿಲಿ ಬಿಟ್ರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗುರುತೂ ಇರಲ್ಲ, ಆಮೇಲೆ ಬಿಟ್ರೆ ಡಬ್ಲ್ಯೂ (ವಿಥ್‌ಡ್ರಾ, ಅಂದ್ರೆ ಬಿಟ್ಟಿದ್ದು) ಅಂತ ಬರುತ್ತೆ, ಅದು ಜಿಪಿಎಗೆ ಸೇರಲ್ಲ. ಒಂದು ಡಬ್ಲ್ಯೂ ಕಂಡ್ರೆ ಗಾಬರಿ ಆಗ್ಬೇಡಿ, ಎಫ್‌ಗಿಂತ ಎಷ್ಟೋ ಮೇಲು. ಆದ್ರೆ ಲೆಕ್ಕ ಇಡ್ಬೇಕು. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಇಡೀ ಡಿಗ್ರಿಗೆ ಆರು ಡ್ರಾಪ್ ಅಂತ ಮಿತಿ ಇದೆ, ಇನ್ನು ಫೆಡರಲ್ ಏಡ್, ಅಂದ್ರೆ ಕೇಂದ್ರ ಸರ್ಕಾರದ ಹಣದ ನೆರವು, ತಗೊಳ್ಳೋರು ಡಿಗ್ರಿಯ ಉದ್ದದ 150 ಪರ್ಸೆಂಟ್ ಒಳಗೆ ಮುಗಿಸ್ಬೇಕು, ಅಂದ್ರೆ 120 ಕ್ರೆಡಿಟ್ ಡಿಗ್ರಿಗೆ 180 ಕ್ರೆಡಿಟ್ ಪ್ರಯತ್ನದವರೆಗೆ, ಬಿಟ್ಟ ಕೋರ್ಸೂ ಆ ಲೆಕ್ಕಕ್ಕೆ ಸೇರುತ್ತೆ. ಡ್ರಾಪ್ ಬಟನ್ ಒತ್ತೋಕೆ ಮುಂಚೆ ಅಡ್ವೈಸರ್ ಹತ್ರನೂ ಫೈನಾನ್ಷಿಯಲ್ ಏಡ್ ಆಫೀಸ್ ಹತ್ರನೂ ಮಾತಾಡ್ಲಿ. ಇಂಡಿಯಾದಿಂದ ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಬಂದಿರೋ ಮಕ್ಕಳಿಗೆ ಇದು ಇನ್ನೂ ಸೂಕ್ಷ್ಮ, 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯೋಕೆ ಮುಂಚೆನೇ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಬೇಕು, ಕೇಳದೇ ಇಳಿದ್ರೆ ಸ್ಟೇಟಸ್ಸಿಗೇ ಕುತ್ತು.

"ಹಾಗಾದ್ರೆ ನಾವೇ ಅಡ್ವೈಸರ್‌ಗೆ ಫೋನ್ ಮಾಡಿ ಕೇಳ್ಬಹುದಲ್ಲ" ಅಂತ ಮುಂದಿನ ಪ್ರಶ್ನೆ ಬರುತ್ತೆ. ಮಾಡಬಹುದು, ಆದ್ರೆ ನಾವು ಸಾಮಾನ್ಯ ನಿಯಮ ಹೇಳಬಹುದೇ ಹೊರತು ನಿಮ್ಮ ಮಗುವಿನ ಗ್ರೇಡ್ ಹೇಳೋಕಾಗಲ್ಲ. ಸ್ಟೂಡೆಂಟ್ ರೆಕಾರ್ಡ್‌ಗಳ ಗೌಪ್ಯತೆ ಕಾಪಾಡೋ 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಆ ರೆಕಾರ್ಡ್ ಮೇಲಿನ ಹಕ್ಕು ಸ್ಟೂಡೆಂಟ್‌ದು, ಫೀಸು ಯಾರು ಕಟ್ಟಿದ್ರೂ ಸರಿ. ಮಗು ಲಿಖಿತವಾಗಿ ಒಪ್ಪಿಗೆ ಕೊಟ್ರೆ ಹೇಳಬಹುದು, ಟ್ಯಾಕ್ಸ್‌ನಲ್ಲಿ ಡಿಪೆಂಡೆಂಟ್ ಅಂತ ತೋರಿಸಿದ್ರೆ ಕಾಲೇಜು ಬೇಕಾದ್ರೆ ಹೇಳೋಕೆ ಅವಕಾಶ ಇದೆ, ಹೇಳ್ಲೇಬೇಕು ಅಂತಿಲ್ಲ. ನನ್ನ ಮಾತು ಕೇಳೋದಾದ್ರೆ ಪಾಸ್‌ವರ್ಡ್ ಇಸ್ಕೊಂಡು ಪೋರ್ಟಲ್ ನೋಡೋದಂತೂ ಬೇಡವೇ ಬೇಡ. ಮಗು ತಾನಾಗಿ ಬಾಯಿ ಬಿಟ್ಟು "ಅಮ್ಮಾ, ಕೆಮಿಸ್ಟ್ರಿ ಹೋಗ್ತಿದೆ" ಅಂತ ಅಕ್ಟೋಬರ್‌ನಲ್ಲೇ ಹೇಳೋ ಹಾಗಿದ್ರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ, ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದು ಡಿಸೆಂಬರ್‌ನಲ್ಲಿ ಗೊತ್ತಾದ್ರೆ ಯಾರೂ ಏನೂ ಮಾಡೋಕಾಗಲ್ಲ.

ಹಾಗೆ ಹೇಳ್ಬೇಕು ಅಂದ್ರೆ ಫೋನಲ್ಲಿ ನಾವು ಕೇಳೋ ಪ್ರಶ್ನೆ ಬದಲಾಗ್ಬೇಕು. ಪ್ರತಿ ಭಾನುವಾರ "ಏನಮ್ಮಾ, ಡಿಸೈಡ್ ಮಾಡಿದ್ಯಾ" ಅಂತ ಕೇಳಿದ್ರೆ ನಾಲ್ಕನೇ ವಾರದಿಂದ ಮಗು ಫೋನ್ ಎತ್ತಲ್ಲ. ಈ ವಾರ ಯಾವ ಕ್ಲಾಸಲ್ಲಿ ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ, ಯಾವ ಹೋಂವರ್ಕ್ ಮುಂದಕ್ಕೆ ಹಾಕ್ತಾ ಹಾಕ್ತಾ ಕೊನೆಗೆ ಮಾಡಿದೆ, ಯಾವ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ (ಸ್ಟೂಡೆಂಟ್‌ಗಳು ಬಂದು ಮಾತಾಡೋಕೆ ಅವರು ಇಟ್ಟಿರೋ ಸಮಯ) ಹೋಗಿದ್ದೆ, ಅವರು ಯಾವುದರ ಮೇಲೆ ಕೆಲಸ ಮಾಡ್ತಿದಾರಂತೆ, ಹೀಗೆ ಕೇಳಿ. ಮೇಜರ್ ಗೊತ್ತಾಗೋದು ಬಹುತೇಕ ಈ ಉತ್ತರಗಳಲ್ಲೇ. ಸ್ಟಾಟಿಸ್ಟಿಕ್ಸ್ ಕಷ್ಟ ಆದ್ರೂ ರಾತ್ರಿ ಕೂತು ಮಾಡ್ದೆ ಅಂತ ಒಂದು ಮಗು ಹೇಳಿದ್ರೆ ಅಲ್ಲಿ ಏನೋ ಇದೆ ಅಂತ ಅರ್ಥ, ಅದನ್ನ ಕೇಳಿಸ್ಕೊಂಡು ನೆನಪಿಟ್ಕೊಂಡು ಮುಂದಿನ ವಾರ ಮತ್ತೆ ಕೇಳೋದು ಅಪ್ಪ ಅಮ್ಮ ಮಾತ್ರ ಮಾಡೋಕಾಗೋ ಕೆಲಸ, ಅರ್ಧ ಗಂಟೆ ಭೇಟಿಲಿ ನಾವು ಅಡ್ವೈಸರ್‌ಗಳಿಗೆ ಅದು ಸಿಗಲ್ಲ.

ಮನೆಲಿ ಜೊತೆಗೆ ಕೂತು ನೋಡೋಕೆ ಒಳ್ಳೆ ಫ್ರೀ ಸಾಧನಗಳೂ ಇದಾವೆ. ಇಲ್ಲಿನ ಲೇಬರ್ ಡಿಪಾರ್ಟ್‌ಮೆಂಟ್‌ನವರ ಓ-ನೆಟ್‌ನಲ್ಲಿ ಇಂಟರೆಸ್ಟ್ ಪ್ರೊಫೈಲರ್ ಅಂತ ಇದೆ, ಬ್ಯೂರೋ ಆಫ್ ಲೇಬರ್ ಸ್ಟಾಟಿಸ್ಟಿಕ್ಸ್‌ನ ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್‌ನಲ್ಲಿ ಯಾವ ಕೆಲಸಕ್ಕೆ ಏನು ಓದು ಬೇಕು, ಸಂಬಳ ಎಷ್ಟು ಅಂತ ಸಿಗುತ್ತೆ. ಟೆಸ್ಟ್ ಏನು ಹೇಳ್ತೋ ಅದೇ ಅಂತಿಮ ಅಂದ್ಕೋಬೇಡಿ, ಮಾತು ಶುರು ಮಾಡೋಕೆ ಚೆನ್ನಾಗಿರುತ್ತೆ ಅಷ್ಟೇ.

ಕೆಲವು ಲಕ್ಷಣ ಕಂಡ್ರೆ ಮಾತ್ರ ಮೇಜರ್ ವಿಷಯ ಪಕ್ಕಕ್ಕಿಟ್ಟು ಮಗುವನ್ನ ನೋಡಿ. ಕ್ಲಾಸಿಗೇ ಹೋಗ್ತಿಲ್ಲ, ಹಗಲೆಲ್ಲ ನಿದ್ದೆ, ಯಾವುದರ ಬಗ್ಗೆನೂ ಆಸಕ್ತಿ ಇಲ್ಲ, ಫ್ರೆಂಡ್ಸ್ ಹೆಸರೇ ಮಾತಲ್ಲಿ ಬರಲ್ಲ, ಇದು ಯಾವ ಮೇಜರ್ ಅನ್ನೋ ಗೊಂದಲ ಅಲ್ಲ, ಅಡ್ವೈಸಿಂಗ್ ಆಫೀಸಿಗಿಂತ ಮೊದಲು ಕೌನ್ಸೆಲಿಂಗ್ ಸೆಂಟರ್‌ಗೆ ಹೋಗೋ ಹಾಗೆ ಮಾಡಿ, ಆಗೋದಾದ್ರೆ ಒಂದು ಸಲ ಖುದ್ದಾಗಿ ಹೋಗಿ ನೋಡ್ಕೊಂಡು ಬನ್ನಿ.

ಎಷ್ಟು ದಿನ ಕಾಯ್ಬಹುದು ಅಂತ ಕೇಳಿದ್ರೆ, ಬಹಳ ಕಾಲೇಜುಗಳಲ್ಲಿ 60 ಕ್ರೆಡಿಟ್ ಹತ್ರ ಬಂದಾಗ, ಅಂದ್ರೆ ಎರಡನೇ ವರ್ಷದ ಕೊನೆಗೆ ಡಿಕ್ಲೇರ್ ಮಾಡ್ಲೇಬೇಕು. ಮೊದಲನೇ ವರ್ಷ ಮುಗಿಯೋ ಹೊತ್ತಿಗೆ ಒಂದೇ ಹೆಸರು ಇರ್ಬೇಕು ಅಂತ ನಾನು ಕೇಳಲ್ಲ, ಪಟ್ಟಿ ಎರಡು ಮೂರಕ್ಕೆ ಇಳಿದಿರ್ಬೇಕು, ಅವುಗಳ ಡಿಗ್ರಿ ಆಡಿಟ್ ಹಾಕಿಸಿ ನೋಡಿರ್ಬೇಕು, ಆಗಲೇ ಮಾಡಿರೋ ಕೋರ್ಸ್ ಯಾವುದಕ್ಕೆ ಎಷ್ಟು ಸಲ್ಲುತ್ತೆ ಅಂತ ಅದರಲ್ಲಿ ಕಾಣುತ್ತೆ. ಎರಡನೇ ವರ್ಷದ ರಿಜಿಸ್ಟ್ರೇಷನ್ ಸ್ಪ್ರಿಂಗ್ ಸೆಮಿಸ್ಟರ್ ಮಧ್ಯದಲ್ಲೇ ಶುರು ಆಗೋದು, ಹಾಗಾಗಿ ಅಡ್ವೈಸರ್ ಅಪಾಯಿಂಟ್‌ಮೆಂಟನ್ನ ಮಗು ಫೆಬ್ರವರಿಲೇ ಹಿಡಿದ್ರೆ ಒಳ್ಳೇದು, ಏಪ್ರಿಲ್‌ಗೆ ನಮ್ಮ ಕ್ಯಾಲೆಂಡರ್ ಪೂರ್ತಿ ತುಂಬಿರುತ್ತೆ.