ಅದೇ ರಾಕರ್ ಶಾಫ್ಟ್, ಬೇರೆ ಹೆಸರಿನ ಸಂಬಳದ ಚೀಟಿ

ನಮ್ಮ ಮನೆಯಲ್ಲಿ ದಿನಪತ್ರಿಕೆಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಒಂದು ಉಕ್ಕಿನ ತುಂಡನ್ನು ಇಡುವುದು ವಾಡಿಕೆ. ಒಂದು ಗೇಣಿಗಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಗ್ರೈಂಡಿಂಗ್ ಆಗಿ ಹೊಳೆಯುವ ಮೈ, ಸಾಲಾಗಿ ಕೊರೆದ ಸಣ್ಣ ಎಣ್ಣೆರಂಧ್ರಗಳು. ಅದು ಡೀಸೆಲ್ ಎಂಜಿನ್ನಿನ ರಾಕರ್ ಶಾಫ್ಟ್, ಅಂದರೆ ಎಂಜಿನ್ನಿನ ಕವಾಟಗಳನ್ನು ತೆರೆಯುವ ಸನ್ನೆಗಳು ಕೂರುವ ಸರಳು. ಅಪ್ಪ ಇಪ್ಪತ್ತಮೂರು ವರ್ಷ ದುಡಿದ ಕಾರ್ಖಾನೆಯಲ್ಲಿ, ಒಂದು ರಂಧ್ರ ಕೂದಲೆಳೆಯಷ್ಟು ಆಚೆ ಬಿದ್ದದ್ದರಿಂದ ರಿಜೆಕ್ಟ್ ಆದ ಪೀಸ್. ಗೇಟ್ ಪಾಸ್ ಬರೆಸಿಕೊಂಡು ಮನೆಗೆ ತಂದಿದ್ದರು. 2019ರಲ್ಲಿ ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದ ಶೆಡ್ಡಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ, ಸ್ಟೋರ್ಸಿನ ನೀಲಿ ಟ್ರೇಯಲ್ಲಿ ಎಣ್ಣೆ ಸವರಿ ಜೋಡಿಸಿಟ್ಟಿದ್ದ ಅದೇ ಶಾಫ್ಟುಗಳನ್ನು ಕಂಡೆ. ತುದಿಯಲ್ಲಿ ಪಂಚ್ ಮಾಡಿದ್ದ ನಂಬರು ಕೂಡ ಅದೇ. ಕೊನೆಯ ಅಕ್ಷರವೊಂದು ಮಾತ್ರ ಬದಲಾಗಿತ್ತು.

ಆ ಸಂಜೆ ಅಪ್ಪನಿಗೆ ಹೇಳಿದಾಗ ಅವರು ಬೆರಗಾಗಲಿಲ್ಲ. 2001ರಲ್ಲಿ ಅವರ ಸೆಕ್ಷನ್ ಮುಚ್ಚಿದಾಗ ಯಂತ್ರಗಳನ್ನು ಲಾರಿಗೆ ಏರಿಸಿದವರಲ್ಲಿ ಅವರೂ ಒಬ್ಬರು. ಅವರು ಕೇಳಿದ್ದು ಎರಡೇ ಪ್ರಶ್ನೆ. "ಅಲ್ಲಿ ಇನ್‌ಸ್ಪೆಕ್ಷನ್ ಯಾರು ಮಾಡ್ತಾರಮ್ಮ? ಕೈಗೆ ಏಟಾದ್ರೆ ಹುಡುಗರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ?" ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿತ್ತು. ಎರಡನೆಯದಕ್ಕೆ ಆಗ ಇರಲಿಲ್ಲ.

ಹೊರಗುತ್ತಿಗೆ ಎಂದ ಕೂಡಲೇ ನಾವು ಕೆಲಸಗಳು ನಾಶವಾದವು ಎಂದು ಮಾತನಾಡುತ್ತೇವೆ. ಬೆಂಗಳೂರಿನ ವಾಹನ ಬಿಡಿಭಾಗಗಳ ಉದ್ಯಮವನ್ನು ಲೆಕ್ಕದ ಪುಸ್ತಕದ ಕಡೆಯಿಂದ ನೋಡುತ್ತಿರುವ ನನಗೆ ಆ ಮಾತು ಅರ್ಧ ಸತ್ಯವಾಗಿ ಕಾಣುತ್ತದೆ. ಶಾಫ್ಟ್ ಈಗಲೂ ತಯಾರಾಗುತ್ತಿದೆ, ಅದನ್ನು ಅಷ್ಟೇ ಮೈಕ್ರಾನ್‌ಗಳ ಒಳಗೆ ಕೂರಿಸುವ ಕೈಗಳೂ ಇವೆ. ಆದರೆ ಅಪ್ಪನ ಕಾಲದಲ್ಲಿ ಕಾರ್ಖಾನೆಯ ಪುಸ್ತಕದಲ್ಲಿ "ಸಂಬಳ ಮತ್ತು ಕೂಲಿ" ಎಂಬ ತಲೆಬರಹದ ಕೆಳಗೆ ಬರುತ್ತಿದ್ದ ಮೊತ್ತ ಈಗ "ಜಾಬ್ ವರ್ಕ್ ಶುಲ್ಕ" ಎಂಬ ತಲೆಬರಹಕ್ಕೆ ಸರಿದಿದೆ; ಅಂದರೆ ಕಾರ್ಖಾನೆ ಕಳುಹಿಸಿದ ಮಾಲಿನ ಮೇಲೆ ಹೊರಗಿನವರು ಮಾಡಿಕೊಡುವ ಕೆಲಸಕ್ಕೆ ಕೊಡುವ ಹಣ. ಸಂಬಳ ಎಂದಿದ್ದಾಗ ಅದರ ಹಿಂದೆ ಒಬ್ಬ ಮನುಷ್ಯ, ಅವನ ಟೋಕನ್ ನಂಬರು, ಭವಿಷ್ಯನಿಧಿ, ವರ್ಷಕ್ಕೆ ಹದಿನೈದು ದಿನದ ಗ್ರ್ಯಾಚುಯಿಟಿ, ಯೂನಿಯನ್ ಜೊತೆಗಿನ ಒಪ್ಪಂದ ಎಲ್ಲವೂ ಇರುತ್ತಿದ್ದವು. ಶುಲ್ಕ ಎಂದಾಗ ಅದು ಪೀಸ್ ಒಂದಕ್ಕೆ ಇಷ್ಟು ರೂಪಾಯಿ ಇಷ್ಟು ಪೈಸೆ ಎಂಬ ದರ. ಆ ದರದೊಂದಿಗೆ ಪ್ರತಿ ವರ್ಷ ಚೌಕಾಶಿ ಮಾಡಬಹುದು.

ಈ ಬದಲಾವಣೆಯಲ್ಲಿ ಎರಡು ಬಗೆಗಳಿವೆ ಮತ್ತು ಅವೆರಡನ್ನೂ ಬೆರೆಸಿ ಮಾತನಾಡುವುದರಿಂದ ಕಾರ್ಮಿಕರಿಗೇ ನಷ್ಟವಾಗುತ್ತದೆ. ಮೊದಲನೆಯದು, ಕಾರ್ಖಾನೆಯ ಒಳಗೆಯೇ ಗುತ್ತಿಗೆದಾರನ ಮೂಲಕ ಜನರನ್ನು ತರುವುದು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇದನ್ನು ಕಂಡಿತ್ತು; ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಮೂಲ ಮಾಲೀಕನೇ ಕೊಡಬೇಕು ಎಂದು ಅದು ಹೇಳಿತ್ತು. ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದರೂ ಆ ಕಾರ್ಮಿಕರು ತಾನಾಗಿಯೇ ಕಾಯಂ ಆಗುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟ ಮೇಲೆ ಆ ಕಾಯ್ದೆಯ ಹಲ್ಲು ಸಡಿಲವಾಯಿತು ಎಂಬುದು ನಿಜವಾದರೂ, ಕೇಳುವುದಕ್ಕೆ ಒಂದು ಬಾಗಿಲಾದರೂ ಉಳಿದಿತ್ತು. ಎರಡನೆಯ ಬಗೆ, ಕೆಲಸವನ್ನೇ ಕಾಂಪೌಂಡಿನ ಆಚೆಗೆ ಕಳುಹಿಸುವುದು. ಹಾಗೆ ಕಳುಹಿಸಿದ ಮೇಲೆ ದೊಡ್ಡ ಕಾರ್ಖಾನೆ ಕಾನೂನಿನ ಕಣ್ಣಿನಲ್ಲಿ ಮಾಲೀಕನಲ್ಲ, ಗಿರಾಕಿ. ಗಿರಾಕಿಯನ್ನು ಯಾವ ಕಾರ್ಮಿಕ ಅಧಿಕಾರಿಯೂ ಸಂಬಳದ ಬಗ್ಗೆ ಪ್ರಶ್ನಿಸಲಾರ.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ಸಂಗತಿಯನ್ನು ಹೇಳಬೇಕು. 2017ರ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ, ಜಾಬ್ ವರ್ಕಿಗೆಂದು ತೆರಿಗೆಯಿಲ್ಲದೆ ಹೊರಗೆ ಕಳುಹಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂತಿರುಗಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಯಂತ್ರಗಳಿಗೆ ಮೂರು ವರ್ಷದ ಅವಧಿ. ನಾನು ಪ್ರತಿ ಉಕ್ಕಿನ ಸರಳಿಗೂ ಚಲನ್ ನಂಬರು ಬರೆಯುತ್ತೇನೆ. ಎಷ್ಟು ಕಿಲೋ ಬಂತು, ಎಷ್ಟು ಪೀಸ್ ಹೋಯಿತು, ಎಷ್ಟು ಚೂರು ಉದುರಿತು ಎಂಬುದಕ್ಕೆಲ್ಲ ಲೆಕ್ಕ ಒಪ್ಪಿಸುತ್ತೇನೆ. ಸರಳು ಯಾರದು ಎಂಬುದನ್ನು ಕಾನೂನು ಒಂದು ಗಳಿಗೆಯೂ ಮರೆಯುವುದಿಲ್ಲ. ಆ ಸರಳನ್ನು ತಿರುಗಿಸುವ ಮನುಷ್ಯ ಯಾರಿಗಾಗಿ ತಿರುಗಿಸುತ್ತಿದ್ದಾನೆ ಎಂಬುದನ್ನು ಬರೆಯಲು ಆ ಚಲನ್ನಿನಲ್ಲಿ ಜಾಗವಿಲ್ಲ.

ಆ ಮನುಷ್ಯ ನಮ್ಮ ಶೆಡ್ಡಿನಲ್ಲಿ ಯಾದಗಿರಿ ಜಿಲ್ಲೆಯ ಒಬ್ಬ ಯುವಕ. ಐಟಿಐಯಲ್ಲಿ ಟರ್ನರ್ ಓದಿ 2021ರಲ್ಲಿ ಬಂದವನು. ಹೆಗ್ಗನಹಳ್ಳಿಯಲ್ಲಿ ಇನ್ನೂ ಮೂವರ ಜೊತೆ ಒಂದು ಕೋಣೆಯಲ್ಲಿ ಇದ್ದಾನೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಡುತ್ತಾನೆ, ಟೂಲ್ ಸವೆದದ್ದನ್ನು ಸದ್ದಿನಿಂದಲೇ ಗುರುತಿಸುತ್ತಾನೆ. ಎಣ್ಣೆರಂಧ್ರದ ಒಳ ಅಂಚಿನಲ್ಲಿ ಬರ್, ಅಂದರೆ ಕೊರೆದಾಗ ಏಳುವ ಲೋಹದ ಮುಳ್ಳು, ಉಳಿದರೆ ಅದು ಎಂಜಿನ್ನಿನೊಳಗೆ ಕಳಚಿ ಬೀಳುತ್ತದೆಂದು ಪ್ರತಿ ರಂಧ್ರಕ್ಕೂ ಉಗುರು ತಾಗಿಸಿ ನೋಡುತ್ತಾನೆ. ಅಪ್ಪನ ಬಲಗೈಯ ಹೆಬ್ಬೆರಳಿನ ಉಗುರಿನಲ್ಲಿ ಇಂದಿಗೂ ಇರುವ ಗೆರೆ ಅವನ ಉಗುರಿನಲ್ಲಿಯೂ ಮೂಡಿದೆ. ಹಾಜರಿ ಪುಸ್ತಕದಲ್ಲಿ ಅವನ ಹುದ್ದೆ "ಹೆಲ್ಪರ್". ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ ಕಾರ್ಮಿಕನಿಗಿಂತ ಹೆಲ್ಪರ್‌ಗೆ ಕಡಿಮೆ ಎಂಬುದೊಂದೇ ಅದಕ್ಕೆ ಕಾರಣ.

ಕಳೆದ ವರ್ಷ ತಂಗಿಯ ಮದುವೆಗೆಂದು ಬ್ಯಾಂಕ್ ಸಾಲದ ಅರ್ಜಿ ಹಿಡಿದುಕೊಂಡು ನನ್ನ ಮೇಜಿನ ಬಳಿ ಬಂದ. "ಮೇಡಂ, ಕಂಪನಿ ಹೆಸರು ಅಂತ ಕೇಳ್ಯಾರ. ನಾ ಯಾವ ಹೆಸರು ಬರೀಬೇಕ್ರಿ?" ಅವನು ಮಾಡುವ ಶಾಫ್ಟಿನ ಮೇಲಿರುವುದು ದೊಡ್ಡ ಕಾರ್ಖಾನೆಯ ಗುರುತು. ಅವನು ನಿಲ್ಲುವ ನೆಲ ನಮ್ಮ ಶೆಡ್ಡಿನದು. ಸಂಬಳದ ಚೀಟಿಯ ಮೇಲಿರುವುದು ಲಗ್ಗೆರೆಯಲ್ಲಿ ಒಂದು ಕೋಣೆಯ ಕಚೇರಿ ಇಟ್ಟುಕೊಂಡಿರುವ ಗುತ್ತಿಗೆದಾರನ ಹೆಸರು. ಭವಿಷ್ಯನಿಧಿಯ ದಾಖಲೆ ತೆರೆದು ನೋಡಿದರೆ ಒಂದೇ ಯುಎಎನ್ (ಕಾರ್ಮಿಕನ ಶಾಶ್ವತ ಭವಿಷ್ಯನಿಧಿ ಸಂಖ್ಯೆ) ಕೆಳಗೆ ಮೂರು ಸದಸ್ಯ ಸಂಖ್ಯೆಗಳಿದ್ದವು, ಏಕೆಂದರೆ ಅಷ್ಟರೊಳಗೆ ಗುತ್ತಿಗೆದಾರರು ಎರಡು ಬಾರಿ ಬದಲಾಗಿದ್ದರು. ಅವನು ನಿಂತ ಯಂತ್ರ ಬದಲಾಗಿರಲಿಲ್ಲ. ಈಗಿನ ಗುತ್ತಿಗೆದಾರನ ಹೆಸರು ಬರೆದೆವು, "ಎಷ್ಟು ಕಾಲದಿಂದ" ಎಂಬಲ್ಲಿ ಹನ್ನೊಂದು ತಿಂಗಳು ಎಂದು ಬರೆದೆವು. ಬ್ಯಾಂಕಿನವರು ಅದು ಸಾಲದು ಎಂದು ಅರ್ಜಿಯನ್ನು ಹಿಂದಕ್ಕೆ ಕಳುಹಿಸಿದರು. ಅವನು ಕೈಸಾಲ ಮಾಡಿದ. ಬಡ್ಡಿ ಎಷ್ಟೆಂದು ನಾನು ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ.

ಅಪ್ಪನ ಎರಡನೆಯ ಪ್ರಶ್ನೆಗೆ ಉತ್ತರವೂ ಇಂಥದ್ದೇ ಒಂದು ದಿನ ಸಿಕ್ಕಿತು. ಪವರ್ ಪ್ರೆಸ್ಸಿನಲ್ಲಿ ಇನ್ನೊಬ್ಬ ಹುಡುಗನ ತೋರುಬೆರಳಿನ ತುದಿ ಹೋಯಿತು. ಕೆಲಸದಲ್ಲಿ ಆದ ಗಾಯಕ್ಕೆ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನಲ್ಲಿ ಮೊದಲ ದಿನದಿಂದಲೇ ಹಕ್ಕಿದೆ, ಸಂಬಳದ ಶೇ 90ರಷ್ಟು ಪರಿಹಾರ ಸಿಗುತ್ತದೆ. ಆದರೆ ಆ ಹುಡುಗ ಸೇರಿ ಒಂಬತ್ತು ದಿನವಾಗಿತ್ತು, ಗುತ್ತಿಗೆದಾರ ಅವನ ಹೆಸರನ್ನು ಇನ್ನೂ ನೋಂದಾಯಿಸಿರಲಿಲ್ಲ. ಆ ಮಧ್ಯಾಹ್ನ ನಾನು ಮತ್ತು ಗುತ್ತಿಗೆದಾರನ ಗುಮಾಸ್ತ ಕಂಪ್ಯೂಟರಿನ ಮುಂದೆ ಕುಳಿತು ನೋಂದಣಿ ಮಾಡಿಸುತ್ತಿದ್ದಾಗ, ಕೂಲಂಟ್ ಬಟ್ಟೆಯಲ್ಲಿ ಕೈ ಸುತ್ತಿಕೊಂಡು ಅವನು ಆಟೋದಲ್ಲಿ ಕುಳಿತಿದ್ದ. ಆ ಇಪ್ಪತ್ತು ನಿಮಿಷಗಳನ್ನು ನಾನು ಮರೆತಿಲ್ಲ.

ಶೆಡ್ಡಿನ ಯಜಮಾನರನ್ನು ಖಳನಾಯಕ ಮಾಡಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರೂ ಅಪ್ಪನ ಕಾರ್ಖಾನೆಯಲ್ಲಿಯೇ ಟೂಲ್ ರೂಮಿನಲ್ಲಿದ್ದವರು. ಸ್ವಯಂ ನಿವೃತ್ತಿಯ ಹಣಕ್ಕೆ ಹೆಂಡತಿಯ ಒಡವೆಯನ್ನೂ ಸೇರಿಸಿ ಎರಡು ಹಳೆಯ ಯಂತ್ರ ಕೊಂಡು ಶುರುಮಾಡಿದವರು. ಪೀಣ್ಯದ ಎಷ್ಟೋ ಘಟಕಗಳ ಹುಟ್ಟು ಹೀಗೆಯೇ. ಸಂಬಳವನ್ನು ಅವರು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು, ಅದು ಕಾನೂನು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಲ್ಲಬೇಕು ಎಂಬುದೂ 2006ರ ಕಾಯ್ದೆಯಲ್ಲಿರುವ ಕಾನೂನೇ, ಆದರೆ ನನ್ನ ಪುಸ್ತಕದಲ್ಲಿ ತೊಂಬತ್ತು ದಿನ ದಾಟಿದ ಬಿಲ್ಲುಗಳು ಸಾಮಾನ್ಯವಾಗಿದ್ದವು. ಸಮಯಕ್ಕೆ ಕೊಡದ ಹಣವನ್ನು ಖರ್ಚೆಂದು ತೋರಿಸಲಾಗದಂತೆ 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಸ್ವಲ್ಪ ಸುಧಾರಿಸಿದೆ. ದರ ಮಾತ್ರ ಸುಧಾರಿಸಿಲ್ಲ. ಪ್ರತಿ ವರ್ಷ ಇಷ್ಟು ಶೇಕಡಾ ಇಳಿಸಿ ಎಂಬ ಪತ್ರ ದೊಡ್ಡ ಕಾರ್ಖಾನೆಯಿಂದ ಬರುತ್ತದೆ. ವಿದ್ಯುತ್ ದರ, ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟಿನ ಬೆಲೆ ಯಾವುದೂ ಯಜಮಾನರ ಕೈಯಲ್ಲಿಲ್ಲ. ಅವರ ಕೈಗೆ ಎಟಕುವುದು ಕೂಲಿಯೊಂದೇ.

ಇದು ನಮ್ಮ ಊರಿನದೊಂದೇ ಕಥೆಯಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 1998ರಲ್ಲಿ ಜನರಲ್ ಮೋಟರ್ಸ್ ಕಾರ್ಮಿಕರು 54 ದಿನ ಮುಷ್ಕರ ಹೂಡಿದ್ದರು. ರಜೆಯ ವಾರಾಂತ್ಯದಲ್ಲಿ ಕಾರ್ಖಾನೆಯ ಡೈಗಳನ್ನು (ಲೋಹದ ಹಾಳೆಗೆ ಆಕಾರ ಕೊಡುವ ಅಚ್ಚುಗಳನ್ನು) ಹೊರಗೆ ಸಾಗಿಸಿದ್ದು ಅದಕ್ಕೆ ಕಿಡಿ ಹೊತ್ತಿಸಿತ್ತು. ಮರುವರ್ಷವೇ ಬಿಡಿಭಾಗಗಳ ಇಡೀ ವಿಭಾಗ ಡೆಲ್ಫೈ ಎಂಬ ಪ್ರತ್ಯೇಕ ಕಂಪನಿಯಾಯಿತು, 2005ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿ ಕೂಲಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಲು ಕೇಳಿತು. ಆದರೆ ಅಲ್ಲಿಂದಲೇ ಇನ್ನೊಂದು ಉದಾಹರಣೆಯೂ ಇದೆ. 2020ರ ಜುಲೈನಲ್ಲಿ ಜಾರಿಯಾದ ಅಮೆರಿಕ, ಮೆಕ್ಸಿಕೊ, ಕೆನಡಾಗಳ ವ್ಯಾಪಾರ ಒಪ್ಪಂದದ ಪ್ರಕಾರ, ಸುಂಕ ವಿನಾಯಿತಿ ಬೇಕಿದ್ದರೆ ಕಾರಿನ ಮೌಲ್ಯದ ಶೇ 40ರಷ್ಟು ಗಂಟೆಗೆ ಸರಾಸರಿ 16 ಡಾಲರಿಗೆ ಕಡಿಮೆಯಿಲ್ಲದ ಕೂಲಿ ಕೊಡುವ ಜಾಗಗಳಿಂದ ಬರಬೇಕು. ಅದು ಮೆಕ್ಸಿಕೊದ ಕಾರ್ಮಿಕರಿಗಾಗಿ ಮಾಡಿದ್ದೋ ಅಮೆರಿಕದವರಿಗಾಗಿ ಮಾಡಿದ್ದೋ ಎಂಬ ಚರ್ಚೆ ಬೇರೆ. ಒಂದು ಬಿಡಿಭಾಗದ ಹಿಂದಿರುವ ಕೂಲಿಯನ್ನು ಲೆಕ್ಕ ಹಾಕಲು ಸಾಧ್ಯವಿಲ್ಲ ಎಂಬ ಮಾತು ಸುಳ್ಳೆಂದು ಅದು ತೋರಿಸಿತು. ಸರಳಿನ ತೂಕವನ್ನು ಗ್ರಾಮಿನವರೆಗೆ ಹಿಂಬಾಲಿಸುವ ನಮ್ಮ ವ್ಯವಸ್ಥೆಗೂ ಅದು ಸಾಧ್ಯ. ಪರ್ಚೇಸ್ ಆರ್ಡರಿನಲ್ಲಿ ಕೂಲಿಯ ಭಾಗವನ್ನು ಬೇರೆ ಸಾಲಿನಲ್ಲಿ ಬರೆದು, ಆ ಸಾಲಿನ ಮೇಲೆ ಚೌಕಾಶಿ ಕೂಡದು ಎಂದು ಏಕೆ ಹೇಳಬಾರದು? ದರ ನಿಗದಿ ಮಾಡುವವರು ಸಂಬಳಕ್ಕೂ ಸ್ವಲ್ಪ ಹೊಣೆ ಹೊರಬೇಕು.

ಈ ನಗರದಲ್ಲಿ ಎಚ್‌ಎಂಟಿ ಲೇಔಟ್, ಬಿಇಎಲ್ ಲೇಔಟ್, ಐಟಿಐ ಲೇಔಟ್, ಮೈಕೋ ಲೇಔಟ್ ಎಂಬ, ಕಾರ್ಖಾನೆಗಳಿಂದ ಬಂದ ಬಡಾವಣೆಗಳ ಹೆಸರುಗಳನ್ನು ಬಸ್ಸಿನ ಬೋರ್ಡುಗಳಲ್ಲಿ ದಿನವೂ ಓದುತ್ತೇವೆ. ಕಾಯಂ ಕೆಲಸವಿದ್ದವರ ಒಂದು ತಲೆಮಾರು ಸೊಸೈಟಿ ಕಟ್ಟಿಕೊಂಡು, ಸೈಟು ಕೊಂಡು, ಮಕ್ಕಳನ್ನು ಓದಿಸಿತು. ನಾನು ಬಿಕಾಂ ಓದಿದ್ದೂ ಹಾಗೆಯೇ. ಹೆಗ್ಗನಹಳ್ಳಿಯ ಆ ಕೋಣೆಯಲ್ಲಿರುವ ನಾಲ್ವರೂ ಬಾಡಿಗೆ ಹಂಚಿಕೊಂಡು ಉಳಿದದ್ದನ್ನು ಊರಿಗೆ ಕಳುಹಿಸುತ್ತಾರೆ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ಕಾರ್ಮಿಕರ ನಿಯಮಗಳು ಮೊದಲು 20 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಅನ್ವಯಿಸುತ್ತಿದ್ದವು, ಈಗ ಆ ಮಿತಿ 50. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಸೇರಿ 34 ಮಂದಿ. ಜೊತೆಗೆ ಒಂದು ಒಳ್ಳೆಯ ಅಂಶವೂ ಇದೆ: ಪ್ರತಿಯೊಬ್ಬ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಲೇಬೇಕು. ಗುತ್ತಿಗೆದಾರನ ಕಚೇರಿಯಿಂದ ಹನ್ನೊಂದು ಪತ್ರಗಳು ಪರಿಶೀಲನೆಗೆಂದು ನನ್ನ ಮೇಜಿಗೆ ಬಂದಿವೆ. ಯಾದಗಿರಿಯ ಹುಡುಗನ ಪತ್ರದಲ್ಲಿ ಹುದ್ದೆ ಹೆಲ್ಪರ್, ಕೆಲಸಕ್ಕೆ ಸೇರಿದ ದಿನಾಂಕ ಈ ಗುತ್ತಿಗೆ ಶುರುವಾದ ದಿನಾಂಕ. ಎರಡಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ "ಸಿಎನ್‌ಸಿ ಆಪರೇಟರ್, 2021" ಎಂದು ಬರೆದು, ಯಜಮಾನರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಸೋಮವಾರ ಅವರೊಂದಿಗೆ ಕುಳಿತು ಮಾತನಾಡಬೇಕು.