ನಾಲ್ಕನೇ ಸ್ಥಾನದ ಲೆಕ್ಕ

ನಮ್ಮ ಬ್ಯಾಚಿನವರು ಕಾಲೇಜಿನ ಜಿಮ್ನಾಸ್ಟಿಕ್ಸ್ ತಂಡದಲ್ಲಿದ್ದ ಕಾಲವೂ ಭಾರತದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರ ಉಚ್ಛ್ರಾಯದ ಕಾಲವೂ ಒಂದೇ. 2024ರ ಅಕ್ಟೋಬರ್ 7ರಂದು ಅವರು ನಿವೃತ್ತಿ ಘೋಷಿಸಿದಾಗ ಎಲ್ಲರೂ ಮತ್ತೆ ರಿಯೋ ಒಲಿಂಪಿಕ್ಸನ್ನೇ ನೆನೆದರು, ಕೂದಲೆಳೆಯ ಅಂತರದಲ್ಲಿ ಪದಕ ಹೋಯಿತು ಎಂದು ಮರುಗಿದರು. ಆ ಕೂದಲೆಳೆ ಎಲ್ಲಿತ್ತು ಎಂಬುದನ್ನು ವಾಲ್ಟ್ (ಓಡಿ ಬಂದು ಟೇಬಲ್ಲಿನ ಮೇಲೆ ಕೈ ಊರಿ ಹಾರುವ ಜಿಗಿತ) ಕಲಿತವರಾದರೂ ಬಿಡಿಸಿ ಹೇಳಬೇಕು. ಜಿಮ್ ಹಾಲಿನಲ್ಲಿ ನಮ್ಮ ಸರ್ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೇ ಪಾಠ ಶುರು ಮಾಡುತ್ತಿದ್ದರು.

ವಾಲ್ಟ್ ಫೈನಲಿನಲ್ಲಿ ಪ್ರತಿಯೊಬ್ಬರಿಗೂ ಎರಡು ವಾಲ್ಟ್, ಎರಡರ ಸರಾಸರಿಯೇ ಅಂತಿಮ ಅಂಕ. ಪ್ರತಿ ವಾಲ್ಟಿಗೂ ಕ್ಲಿಷ್ಟತೆಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಅಂಕವಿರುತ್ತದೆ. ಅದಕ್ಕೆ ನಿರ್ವಹಣೆಯ ಅಂಕ ಸೇರುತ್ತದೆ; ಇದು 10ರಿಂದ ಶುರುವಾಗಿ ತಪ್ಪಿಗೆ ತಕ್ಕಂತೆ ಇಳಿಯುತ್ತ ಹೋಗುತ್ತದೆ. 2016ರ ಆಗಸ್ಟ್ 14ರಂದು ದೀಪಾ ಮೊದಲು ಎರಡು ತಿರುವಿನ ಸುಕಹಾರ ಎಂಬ ವಾಲ್ಟ್ ಮಾಡಿದರು: 6.0 ಮತ್ತು 8.866, ಒಟ್ಟು 14.866. ಆಮೇಲೆ ಪ್ರೊಡುನೋವಾ ಎಂಬ ವಾಲ್ಟ್: 7.0 ಮತ್ತು 8.266, ಒಟ್ಟು 15.266. ಸರಾಸರಿ 15.066, ನಾಲ್ಕನೇ ಸ್ಥಾನ. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ಸರಾಸರಿಯಲ್ಲಿ 0.150 ಅಂತರ ಎಂದರೆ ಎರಡು ವಾಲ್ಟ್ ಸೇರಿಸಿ ಕೇವಲ 0.300. ಇಳಿದ ಮೇಲೆ ಒಂದು ದೊಡ್ಡ ಹೆಜ್ಜೆ ಇಟ್ಟರೆ ಕಳೆಯುವುದೇ 0.3. ಪೂರ್ತಿ ಕುಕ್ಕರುಗಾಲಿಗೆ ಕುಸಿದರೆ 0.5 ಹೋಗುತ್ತದೆ. ಆ ದಿನ ದೀಪಾ ಇಳಿದದ್ದು ಹಾಗೆಯೇ, ತೀರಾ ತಗ್ಗಿ. ಗಾಳಿಯಲ್ಲಿ ಮಾಡಬೇಕಾದ್ದೆಲ್ಲ ಆಗಿತ್ತು. ಪದಕ ಹೋದದ್ದು ನೆಲದಲ್ಲಿ.

ಪ್ರೊಡುನೋವಾದಲ್ಲಿ ಹಾಗಾಗುವುದಕ್ಕೆ ಕಾರಣವಿದೆ. ರಷ್ಯಾದ ಯೆಲೆನಾ ಪ್ರೊಡುನೋವಾ 1999ರಲ್ಲಿ ಮಾಡಿ ತೋರಿಸಿದ ವಾಲ್ಟ್ ಇದು. ಹೆಚ್ಚೆಂದರೆ 25 ಮೀಟರ್ ಓಟ, ಸ್ಪ್ರಿಂಗ್‌ಬೋರ್ಡಿನಿಂದ ನೆಗೆತ, 125 ಸೆಂಟಿಮೀಟರ್ ಎತ್ತರದ ಟೇಬಲ್ಲಿನ ಮೇಲೆ ಮುಮ್ಮುಖವಾಗಿಯೇ ಕೈ ಊರಿ ಹ್ಯಾಂಡ್‌ಸ್ಪ್ರಿಂಗ್, ಅಲ್ಲಿಂದ ಮಂಡಿ ಮಡಚಿ ಮುಂದಕ್ಕೆ ಎರಡು ಪಲ್ಟಿ. ಹಿಮ್ಮುಖವಾಗಿ ತಿರುಗುವ ವಾಲ್ಟುಗಳಲ್ಲಿ ಕಾಲು ತಾಗುವ ಮುಂಚೆಯೇ ಮ್ಯಾಟ್ ಕಣ್ಣಿಗೆ ಬೀಳುತ್ತದೆ. ಮುಮ್ಮುಖ ಪಲ್ಟಿಯಲ್ಲಿ ಆ ಅನುಕೂಲವಿಲ್ಲ. ಮಡಚಿದ ಮೈಯನ್ನು ಯಾವಾಗ ಬಿಚ್ಚಬೇಕು ಎಂಬುದು ಅಂದಾಜಿಗೆ ಬಿಟ್ಟದ್ದು. ತಡವಾಗಿ ಬಿಚ್ಚಿದರೆ ತಿರುಗುವುದು ಹೆಚ್ಚಾಗಿ ಮುಗ್ಗರಿಸುತ್ತೇವೆ. ಎತ್ತರ ಸಾಲದಿದ್ದರೆ ಕೂತುಬಿಡುತ್ತೇವೆ. ಎರಡನೇ ಪಲ್ಟಿ ಅರ್ಧಕ್ಕೇ ನಿಂತರೆ ಕುತ್ತಿಗೆಗೇ ಅಪಾಯ.

ಎತ್ತರ ಬರುವುದೋ ಇಲ್ಲವೋ ಎಂಬುದು ಟೇಬಲ್ ಮುಟ್ಟಿದ ಆ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ. ಕೈ ಮಡಚಬಾರದು, ತಳ್ಳುವುದು ಭುಜದಿಂದ. ಮೊಣಕೈ ಸ್ವಲ್ಪ ಬಾಗಿದರೂ ಓಟದ ವೇಗ ಮೇಲಕ್ಕೆ ತಿರುಗದೆ ಅಲ್ಲೇ ಸೋರಿಹೋಗುತ್ತದೆ. “ಕೈ ಊರಿ ಕೂರಬೇಡಿ, ತಟ್ಟಿ ಬಿಡಿ” ಎಂದು ಸರ್ ಕೂಗುತ್ತಿದ್ದುದು ಇದಕ್ಕೇ. ಕೈಗಳ ಮೇಲೆ ನೆಟ್ಟಗೆ ನಿಂತು, ಮೊಣಕೈ ಬಾಗಿಸದೆ, ಬರೀ ಭುಜ ಕುಲುಕಿಸಿ ನೆಲ ಬಿಟ್ಟು ಪುಟಿಯುವ ಅಭ್ಯಾಸ ಮೊದಲು. ಬಳಿಕ ಟೇಬಲ್ಲಿನ ಎತ್ತರಕ್ಕೆ ಪೇರಿಸಿದ ಮ್ಯಾಟಿನ ಮೇಲೆ ಹ್ಯಾಂಡ್‌ಸ್ಪ್ರಿಂಗ್ ಮಾಡಿ ಬೆನ್ನ ಮೇಲೆ ಬೀಳುವುದು, ಆಮೇಲೆ ಒಂಟಿ ಪಲ್ಟಿ. ಎರಡನೇ ಪಲ್ಟಿಯ ಮಾತು ಬರುವುದು ಫೋಮ್ ಪಿಟ್ (ಫೋಮ್ ತುಂಡು ತುಂಬಿದ ಗುಂಡಿ) ಇದ್ದಲ್ಲಿ ಮಾತ್ರ.

ಇಂಥ ವಾಲ್ಟನ್ನು ದೀಪಾ ಒಲಿಸಿಕೊಂಡದ್ದು ಯಾವ ಪಾದದಿಂದ ಎಂಬುದು ಇನ್ನೂ ಸೋಜಿಗ. 1993ರ ಆಗಸ್ಟ್ 9ರಂದು ಅಗರ್ತಲಾದಲ್ಲಿ ಹುಟ್ಟಿದ ಅವರದು ಚಪ್ಪಟೆ ಪಾದ. ಅಂಗಾಲಿನ ಕಮಾನು ಇಲ್ಲದಿದ್ದರೆ ಬೋರ್ಡಿನಿಂದ ಚಿಮ್ಮುವಾಗಲೂ ನಷ್ಟ, ಇಳಿಯುವಾಗ ಹೊಡೆತ ತಡೆದುಕೊಳ್ಳುವಾಗಲೂ ನಷ್ಟ. ತಂದೆ ವೇಟ್‌ಲಿಫ್ಟಿಂಗ್ ಕೋಚ್. ಆರನೇ ವಯಸ್ಸಿನಲ್ಲಿ ಸೋಮಾ ನಂದಿ ಅವರ ಬಳಿ ಶುರುವಾದ ಕಲಿಕೆ ಅವರ ಪತಿ ಬಿಶ್ವೇಶ್ವರ ನಂದಿ ಅವರ ಕೈಕೆಳಗೆ ಮುಂದುವರಿಯಿತು. ಆರಂಭದ ದಿನಗಳಲ್ಲಿ ಹಳೆಯ ಸ್ಕೂಟರಿನ ಬಿಡಿಭಾಗ ಜೋಡಿಸಿದ ಉಪಕರಣದ ಮೇಲೆ ಅಭ್ಯಾಸ. ಶಿಷ್ಯೆಗೆ ಖೇಲ್ ರತ್ನ ಬಂದ 2016ರಲ್ಲೇ ಗುರುವಿಗೆ ದ್ರೋಣಾಚಾರ್ಯ ಪ್ರಶಸ್ತಿಯೂ ಬಂತು.

ಪದಕಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಕಂಚು, 2015ರಲ್ಲಿ ಹಿರೋಷಿಮಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ಫೈನಲಿನಲ್ಲಿ ಐದನೇ ಸ್ಥಾನ. 1964ರ ನಂತರ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಜಿಮ್ನಾಸ್ಟ್ ಅವರು, ಮಹಿಳೆಯರಲ್ಲಂತೂ ಮೊಟ್ಟಮೊದಲನೆಯವರು. ರಿಯೋದಿಂದ ಮರಳಿದವರೇ ಎಂ.ಎ. ಪರೀಕ್ಷೆಗೆ ಕೂತರು. ಹಾಜರಾತಿಯ ಕೊರತೆಗೆ ಪಂದ್ಯದ ನೆಪ ಹೇಳುವವರ ಗಮನಕ್ಕೆ.

2017ರಲ್ಲಿ ಮಂಡಿಯ ಎಸಿಎಲ್ ಹರಿದು ಶಸ್ತ್ರಚಿಕಿತ್ಸೆಯಾಯಿತು. ಮಂಡಿಯೊಳಗೆ ತೊಡೆಯ ಮೂಳೆಗೂ ಮಂಡಿಯ ಕೆಳಗಿನ ಮೂಳೆಗೂ ಅಡ್ಡಲಾಗಿ ಹಾಯುವ ಕಟ್ಟು ಅದು. ಆ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವುದು ಅದರ ಕೆಲಸ. ಅದೇ ವರ್ಷದಿಂದ ಪ್ರೊಡುನೋವಾದ ಬೆಲೆಯೂ 7.0ರಿಂದ 6.4ಕ್ಕೆ ಇಳಿಯಿತು. ಅಪಾಯ ಅಷ್ಟೇ, ಪ್ರತಿಫಲ ಕಡಿಮೆ. ದೀಪಾ ಅದನ್ನು ಬದಿಗಿಟ್ಟದ್ದು ಹಿಂಜರಿಕೆಯಲ್ಲ, ಲೆಕ್ಕಾಚಾರ. 2018ರ ಜುಲೈನಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ನಡೆದ ವಿಶ್ವ ಚಾಲೆಂಜ್ ಕಪ್‌ನಲ್ಲಿ 14.150 ಅಂಕದೊಂದಿಗೆ ಚಿನ್ನ ಗೆದ್ದರು.

ನಿಷೇಧದ ಮಾತನ್ನೂ ಮುಚ್ಚಿಡಬೇಕಿಲ್ಲ. 2021ರ ಅಕ್ಟೋಬರ್ 11ರಂದು ಉದ್ದೀಪನ ಮದ್ದಿನ ಪರೀಕ್ಷೆಗೆ ಪಡೆದ ಮಾದರಿಯಲ್ಲಿ ಹೈಜೆನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು, 21 ತಿಂಗಳ ನಿಷೇಧವಾಯಿತು. ತಿಳಿಯದೆ ಸೇವಿಸಿದ್ದು ಎಂದು ಅವರು ಹೇಳಿದರು. ಈ ವಸ್ತು ಕೆಲವು ಗಿಡಗಳಲ್ಲಿ ಸಹಜವಾಗಿಯೇ ಇರುತ್ತದೆ, ಕೊಬ್ಬು ಕರಗಿಸುವ ಪುಡಿಗಳಲ್ಲೂ ಸೇರಿರುತ್ತದೆ. ಡಬ್ಬಿಯ ಮೇಲೆ ನಾರ್‌ಕೊಕ್ಲಾರಿನ್ ಎಂಬ ಹೆಸರಿನಲ್ಲೂ ಇರಬಹುದು. ಗಿಡಮೂಲಿಕೆ ಎಂದು ಬರೆದಿದ್ದರೆ ಸಾಕು, ನಂಬಿ ನುಂಗುವವರು ನಮ್ಮ ಹಾಸ್ಟೆಲಿನಲ್ಲೂ ಇದ್ದರು.

2023ರ ಜುಲೈನಲ್ಲಿ ನಿಷೇಧ ಮುಗಿಯಿತು. 2024ರ ಮೇ ತಿಂಗಳಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 13.566 ಅಂಕ ಪಡೆದು ಭಾರತಕ್ಕೆ ಆ ಕೂಟದ ಮೊದಲ ಚಿನ್ನ ತಂದರು. ಎರಡನೆಯವರಿಗೂ ಅವರಿಗೂ ಇದ್ದ ಅಂತರ 0.100.

ಈಗ ತಂಡದಲ್ಲಿರುವ ವಾಲ್ಟರ್‌ಗಳು ಪಲ್ಟಿಗೆ ಕೊಡುವಷ್ಟೇ ಸಮಯವನ್ನು ಇಳಿಯುವುದಕ್ಕೂ ಕೊಡಲಿ. 30 ಸೆಂಟಿಮೀಟರ್ ಪೆಟ್ಟಿಗೆಯಿಂದ ಶುರುಮಾಡಿ, ನಿಧಾನವಾಗಿ 60ರವರೆಗೆ. ಎರಡೂ ಪಾದ ಒಟ್ಟಿಗೆ ತಾಗಬೇಕು, ಮಂಡಿಗಳು ಒಳಕ್ಕೆ ವಾಲದೆ ಬೆರಳುಗಳ ದಿಕ್ಕಿನಲ್ಲೇ ಬಾಗಬೇಕು, ಸೊಂಟ ಮಂಡಿಗಿಂತ ಕೆಳಗೆ ಇಳಿಯಬಾರದು. ಆ ಭಂಗಿಯಲ್ಲಿ ಮೂರು ಸೆಕೆಂಡ್ ಅಲುಗದೆ ನಿಲ್ಲಿ. ಒಂದು ಮಂಡಿ ಒಳಕ್ಕೆ ತಿರುಗುತ್ತಿದ್ದರೆ ಪೆಟ್ಟಿಗೆಯ ಎತ್ತರ ಏರಿಸಬೇಡಿ.