ಸೋಮವಾರ ಬಂದರೆ ಲಾಗಿನ್ ಆಗದ ಕಂಪ್ಯೂಟರ್

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಅವರದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಅಲ್ಲಿ ಲೆಕ್ಕ ಬರೆಯುವ ಹುಡುಗಿಗೆ ಸೋಮವಾರ ಬಂತೆಂದರೆ ಬೈಗುಳ ತಪ್ಪುತ್ತಿರಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಪಾಸ್‌ವರ್ಡ್ ಕೇಳುತ್ತದೆ. ಹಾಕಿದರೆ ಸ್ವಲ್ಪ ಹೊತ್ತು ಚಕ್ರ ತಿರುಗಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಕೌಂಟರ್ ಮುಂದೆ ರೈತರು ಕಾಯುತ್ತಿರುತ್ತಾರೆ. 20ನೇ ತಾರೀಕು ಹತ್ತಿರ ಬಂದಿದ್ದರೆ ಜಿಎಸ್‌ಟಿ ರಿಟರ್ನ್ ಗಡಿಬಿಡಿ ಬೇರೆ. "ನೀನ ಎಲ್ಲೋ ತಪ್ಪು ಹೊಡ್ಯಾಕತ್ತಿ ನೋಡವಾ" ಅಂತ ಕಾಕಾ ಗದರುತ್ತಿದ್ದರು. ಕೊನೆಗೆ ರಿಪೇರಿಯವನು ಬಂದು ಏನೋ ಒತ್ತಿ, ದುಡ್ಡು ಇಸಕೊಂಡು ಹೋಗುತ್ತಿದ್ದ.

ಒಂದು ಸೋಮವಾರ ನಾನು ಅಲ್ಲೇ ಇದ್ದೆ. "ಅಣ್ಣಾ, ನೀವ ನೋಡ್ರಿ, ನಾ ತಪ್ಪು ಹೊಡದಿಲ್ಲ" ಅಂದಳು. ಪಾಸ್‌ವರ್ಡ್ ಕಾಣುವ ಹಾಗೆ ಮಾಡಿ ಒಂದೊಂದೇ ಅಕ್ಷರ ಹೊಡೆದಳು. ಎಲ್ಲ ಸರಿ ಇತ್ತು. ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡಿಗೆ ಅದೇ ಖಾತೆ ತೆರೆಯಿತು. ಅಂದರೆ ಹುಡುಗಿಯದೂ ತಪ್ಪಿಲ್ಲ, ಖಾತೆಯದೂ ತಪ್ಪಿಲ್ಲ. ವಿಂಡೋಸ್ ಪಾಸ್‌ವರ್ಡುಗಳನ್ನು ಕೂಡಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದಿದ್ದ ಹಳೆಯ ಲಾಗಿನ್ ಅಳಿಸಿ ನೋಡಿದೆವು. ಜಗ್ಗಲಿಲ್ಲ.

ಹಾಗಾದರೆ ಸೋಮವಾರವೇ ಯಾಕೆ? ನನ್ನ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಪರದೆ ದೊಡ್ಡದಾಗಿ ಕಾಣಲಿ ಅಂತ ಕೆಳಗಿನ ಪಟ್ಟಿ, ಅಂದರೆ ಟಾಸ್ಕ್‌ಬಾರ್, ಮರೆಯಾಗುವಂತೆ ಇಟ್ಟಿದ್ದರು. ಮೌಸನ್ನು ಕೆಳಗೆ ಒಯ್ದಾಗ ಮೂಲೆಯಲ್ಲಿ ಗಡಿಯಾರ ಕಂಡಿತು. ರಾತ್ರಿ 9:20, ತಾರೀಕು ಶನಿವಾರದ್ದು. ನಮ್ಮ ಪಾಲಿಗೆ ಸೋಮವಾರ ಬೆಳಗಿನ ಹತ್ತೂ ಇಪ್ಪತ್ತು!

ಕಂಪ್ಯೂಟರ್ ಬಂದ್ ಇದ್ದಾಗಲೂ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಗಡಿಯಾರ ನಡೆಯುತ್ತಿರುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಅದರಿಂದ, ಇಲ್ಲದಿದ್ದರೆ ಸಿಆರ್2032 ಅನ್ನೋ ನಾಣ್ಯದಂಥ ಸಣ್ಣ ಬ್ಯಾಟರಿಯಿಂದ. ಕಾಕಾ ರಾತ್ರಿ 9ಕ್ಕೆ ಮೇನ್ ಸ್ವಿಚ್ಚೇ ಇಳಿಸಿ ಬೀಗ ಹಾಕುತ್ತಾರೆ. ಬ್ಯಾಟರಿ ಸೋತಿದ್ದರಿಂದ ಗಡಿಯಾರ ಅಲ್ಲಿಗೇ ನಿಲ್ಲುತ್ತಿತ್ತು. ದಿನಾ ಬೆಳಗ್ಗೆ 10ಕ್ಕೆ ತೆರೆದಾಗ 13 ತಾಸು ಹಿಂದೆ. ಭಾನುವಾರ ರಜೆ ಸೇರಿದರೆ 37 ತಾಸು. ವಿಂಡೋಸ್ ಇಂಟರ್ನೆಟ್‌ನಿಂದ ಸಮಯ ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ಕಚೇರಿ ನೆಟ್‌ವರ್ಕಿಗೆ ಸೇರದ ಇಂಥ ಒಂಟಿ ಕಂಪ್ಯೂಟರ್‌ಗಳಲ್ಲಿ ಅದಕ್ಕೆ ಒಂದು ಮಿತಿ ಇದೆ. ನಾವು ಬದಲಿಸದಿದ್ದರೆ ಅದು 15 ತಾಸು. 13 ತಾಸಿನ ತಪ್ಪು ಯಾರಿಗೂ ಗೊತ್ತಾಗದಂತೆ ಸರಿಹೋಗುತ್ತಿತ್ತು. 37 ಹಾಗೇ ಉಳಿಯುತ್ತಿತ್ತು.

ಪಾಸ್‌ವರ್ಡ್ ಸರಿ ಇದ್ದರೆ ಸರ್ವರ್, ಅಂದರೆ ಸಾಫ್ಟ್‌ವೇರ್‌ನವರ ಕಡೆಯ ಕಂಪ್ಯೂಟರ್, ಒಳಗೆ ಬಿಡುವ ಚೀಟಿಯಂಥ ಒಂದು ಟೋಕನ್ ಕೊಡುತ್ತದೆ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮ ಸಾಫ್ಟ್‌ವೇರ್‌ಗೆ ಅದು ಇನ್ನೂ ಬರದ ದಿನದ ಚೀಟಿ. ಅದಕ್ಕೇ ಒಗೆದು ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಬ್ರೌಸರ್‌ನಲ್ಲಿ ಆ ಟೋಕನ್ ಪರೀಕ್ಷಿಸುವುದು ಸರ್ವರ್, ಅದರ ಗಡಿಯಾರ ಸರಿ ಇತ್ತು. ವೆಬ್‌ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟಿಗೂ ತಾರೀಕು ಇರುತ್ತದೆ, ಆದರೆ ಅದು ಮೊದಲೇ ಕೊಟ್ಟದ್ದು, ನಮ್ಮ ಗಡಿಯಾರ ಒಂದೂವರೆ ದಿನ ಹಿಂದಿದ್ದರೂ ನಡೆಯಿತು.

ತಾರೀಕು ಸರಿಮಾಡಿದ ಕೂಡಲೇ ಲಾಗಿನ್ ಆಯಿತು. ರಿಪೇರಿಯವನೂ ಇಷ್ಟೇ ಮಾಡಿ ಹೋಗುತ್ತಿದ್ದ ಅಂತ ಕಾಣುತ್ತದೆ. ಒಂದು ಮಾತು ಆ ಹುಡುಗಿಗೆ ಹೇಳಬಹುದಿತ್ತಲ್ವಾ? ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮೋಟರ್ ನೋಡುವ ಹುಡುಗ ಮಲ್ಟಿಮೀಟರ್ ತಂದ. ಡಬ್ಬಿ ಬಿಚ್ಚಿ, ಧೂಳು ಒರೆಸಿ, ಬ್ಯಾಟರಿ ತೆಗೆದು ಹಿಡಿದೆವು. 3 ವೋಲ್ಟ್ ಇರಬೇಕಾದದ್ದು 2.3 ತೋರಿಸಿತು. ಹೊಸದು ಹಾಕಿ, ವಿಂಡೋಸ್‌ಗೂ ಮೊದಲು ಶುರುವಾಗುವ ಬಯಾಸ್‌ನಲ್ಲೂ ತಾರೀಕು ನೋಡಿ ಮುಚ್ಚಿದೆವು. ಕಾಕಾ ಹುಡುಗಿಯ ಹತ್ತಿರ ಬಂದು, "ಇಷ್ಟು ದಿನ ನಿನಗ ಸುಮ್ನ ಬೈದ್ನೆವಾ" ಅಂದರು. "ಇರ್ಲಿ ಬಿಡ್ರಿ ಮಾಲಕರ" ಅಂದಳು, ಆದರೆ ಟಾಸ್ಕ್‌ಬಾರ್ ಮಾತ್ರ ಮತ್ತೆ ಮರೆಯಾಗಲು ಬಿಡಲಿಲ್ಲ.

ಸಾಫ್ಟ್‌ವೇರ್‌ನವರಿಗೆ ಅವತ್ತೇ ಬರೆದು ಹಾಕಿದೆ: ಟೋಕನ್ ಯಾಕೆ ಬೇಡವಾಯಿತು ಅಂತ ನಿಮ್ಮ ಪ್ರೋಗ್ರಾಮಿಗೆ ಗೊತ್ತಿರುತ್ತದೆ. ಸುಮ್ಮನೆ ಪಾಸ್‌ವರ್ಡ್ ಕೇಳುವ ಬದಲು "ನಿಮ್ಮ ಕಂಪ್ಯೂಟರ್ ತಾರೀಕು ನೋಡಿ" ಅಂತ ಒಂದು ಸಾಲು ತೋರಿಸಿ.